ಗಬ್ಬದ ಕುದುರೆಗೆ ಮನೆಮಂದಿಯೆಲ್ಲ ಹಾಕಿದ ಪುಡಿ

ಕೊರೊನಾ ಮುಗಿದ ಮರುವರ್ಷ ನಾನು ಕ್ಯಾತನಹಳ್ಳಿಯ ಗೌಡರೊಬ್ಬರ ತೋಟದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಅದಕ್ಕೂ ಮೊದಲು ಶ್ರೀರಂಗಪಟ್ಟಣದಲ್ಲಿ ಜಟಕಾ ಹೊಡೆದವನು. ಗೌಡರದು ತಲೆಮಾರುಗಳಿಂದ ಹಸು ಸಾಕಿದ ಮನೆ. ಆಸೆಪಟ್ಟು ತಂದ ಗಬ್ಬದ ಕುದುರೆ ಗೌರಿಯೂ ಅವರಿಗೆ ಇನ್ನೊಂದು ಹಸುವೇ.

ಬೇಸಿಗೆಯಲ್ಲಿ ಹಸಿರು ಸಿಗದೆ ಗೌರಿ ಒಣಮೇವಿಗೆ ಬಿತ್ತು. ನಡಿಗೆ ಬಿಗಿಯಾಯಿತು. ಪಶು ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ನನಗೆ ತಿಳಿಯುವ ಹಾಗೆ ಹೇಳಿದರು: ಮೇವು ಮೈಯಲ್ಲಿ ಉರಿದು ಶಕ್ತಿಯಾಗುವಾಗ ಫ್ರೀ ರ್‍ಯಾಡಿಕಲ್ ಎಂಬ ಕಿಡಿಗಳು ಏಳುತ್ತವೆ. ಹೆಚ್ಚಾದರೆ ಮಾಂಸಖಂಡ ಕೆಡುತ್ತದೆ. ಅವನ್ನು ಆರಿಸುವುದು ಆಂಟಿಆಕ್ಸಿಡೆಂಟ್. ಹಸಿ ಹುಲ್ಲಿನ ವಿಟಮಿನ್ ಇ ಅಂಥದ್ದು, ಹುಲ್ಲು ಒಣಗಿದರೆ ಅದೂ ಹೋಗುತ್ತದೆ. ಅದಕ್ಕೇ ವಿಟಮಿನ್ ಇ, ಸೆಲೆನಿಯಂ ಸೇರಿದ ಪುಡಿ ಬರೆದುಕೊಟ್ಟರು.

"ಬೆಳಿಗ್ಗೆ ಒಂದು ಚಮಚ, ಅಷ್ಟೇ. ಸೆಲೆನಿಯಂ ಹೆಚ್ಚಾದ್ರೆ ವಿಷ."

ನಾನು ಹಾಗೇ ಹಾಕಿದೆ. ಆದರೆ ಆ ಮನೆಯಲ್ಲೊಂದು ರೂಢಿ, ಕೊಟ್ಟಿಗೆಗೆ ಬರಿಗೈಯಲ್ಲಿ ಯಾರೂ ಕಾಲಿಡುವುದಿಲ್ಲ. ಪುಡಿಯ ಡಬ್ಬ ಬರಿದಾಗುವ ಮೊದಲೇ ಗೌಡರು ತುಂಬಿಸಿಡುತ್ತಿದ್ದರು.

ಕೆಲವು ವಾರಗಳಲ್ಲಿ ಗೌರಿಯ ಬಾಲದ ಕೂದಲು ಉದುರಿತು, ಗೊರಸಿನ ಮೇಲಂಚು ಬಿರಿಯಿತು. ಗೌಡರು ದೃಷ್ಟಿಯೆಂದು ಕಪ್ಪು ದಾರ ಕಟ್ಟಿದರು. ಹೊಟ್ಟೆಯಲ್ಲಿರುವ ಮರಿ ಉಳಿಯುವುದೋ ಇಲ್ಲವೋ ಎಂದು ನನಗೆ ಅನ್ನ ಸೇರಲಿಲ್ಲ. ಮತ್ತೆ ಬಂದ ಡಾಕ್ಟರಮ್ಮ ಗೊರಸು ನೋಡಿ, "ಈ ಪುಡಿ ಯಾರ್ಯಾರು ಹಾಕ್ತೀರಿ?" ಎಂದು ಎಲ್ಲರನ್ನೂ ಕೇಳಿದರು.

"ಹಾಲು ಕರೆಯಕ್ಕೆ ಹೋದಾಗ ನಾನೂ ವಸಿ ಹಾಕ್ತಿದ್ದೆ," ಎಂದರು ಗೌಡರು.

ಅವರ ತಾಯಿ ಸುಮ್ಮನಿರಲಿಲ್ಲ. "ನೀನ್ಯಾವಾಗ್ಲಾ ಹಾಕ್ದೆ? ದಿನಾ ಬೂಸದ ಜೊತೆ ಕಲಸಿಕ್ತಿದ್ದೋಳು ನಾನು."

ಬಾಗಿಲ ಹಿಂದಿನಿಂದ ಗೌಡರ ಹೆಂಡತಿ, "ನಾನೂವೆ ಕಣತ್ತೆ. ಗಬ್ಬದ್ದು, ಸಾಲ್ದೇನೋ ಅಂತ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಇದೇನು ದೇವ್ರ ಚರ್ಪಾ ಗೌಡ್ರೇ, ಒಬ್ಬೊಬ್ರೂ ಹಂಚೋಕೆ?"

"ಔಸ್ದಿ ಜಾಸ್ತಿ ಹಾಕುದ್ರೆ ಬೇಗ ವಾಸಿಯಾಗಲ್ವೇನ್ಲಾ?" ಎಂದರು ಅಜ್ಜಿ, ನನ್ನನ್ನೇ ಗದರಿಸಿ.

ಡಾಕ್ಟರಮ್ಮ ಪುಡಿ ನಿಲ್ಲಿಸಿ, ಅಷ್ಟರಲ್ಲಿ ನಾಲೆಗೆ ನೀರು ಬಂದು ಬದಿಯಲ್ಲಿ ಚಿಗುರಿದ್ದ ಹಸಿ ಹುಲ್ಲು ಕೊಡಿಸಿದರು. ಆಮೇಲೂ ಅಜ್ಜಿ ಸೆರಗಿನಲ್ಲಿ ಏನಾದರೊಂದು ಮುಚ್ಚಿಕೊಂಡು ಬರುತ್ತಿದ್ದರು, ಜಗಳವಾಡಿ ಕಳಿಸುತ್ತಿದ್ದೆ. ಹೊಸ ಗೊರಸು ಇಳಿಯಲು ತಿಂಗಳುಗಳೇ ಹಿಡಿದವು. ಮರಿ ಹುಟ್ಟಿ, ತಡವರಿಸಿ ಎದ್ದು, ತಾಯಿಯ ಮೊಲೆಗೆ ಬಾಯಿ ಹಾಕಿದಾಗಲೇ ನನ್ನ ಸಿಟ್ಟು ಇಳಿದದ್ದು.

ಈಗ ಕೆಲಸ ಬಿಟ್ಟು ಬೆಳಗೊಳದ ಮನೆಯಲ್ಲಿದ್ದೇನೆ. ಮೊನ್ನೆ ಮೊಮ್ಮಗಳು ಹುಟ್ಟಿದ್ದಾಳೆ, ಖುಷಿಗೆ ನನ್ನ ಕಾಲು ನೆಲದ ಮೇಲಿಲ್ಲ. ಮುದ್ದಾಡುವ ಕೈ ಎಷ್ಟಾದರೂ ಇರಲಿ, ಔಷಧಿ ಹಾಕುವ ಕೈ ಒಂದೇ ಇರಬೇಕೆಂದು ಆ ಕೆಲಸ ನನಗೆ ಕಲಿಸಿತು. ಹಾಗಾಗಿ ಆಸ್ಪತ್ರೆಯವರು ಕೊಟ್ಟ ವಿಟಮಿನ್ ಡ್ರಾಪ್ಸನ್ನು ಸೊಸೆಯ ಕೈಗಿಟ್ಟು, ಬೇರೆ ಯಾರೂ ಮುಟ್ಟಕೂಡದೆಂದು ತಾಕೀತು ಮಾಡಿದೆ.

"ಸಾಕು ಬುಡಿ, ಅದೇನು ಕುದ್ರೆ ಮರಿಯಾ?" ಎಂದಳು ಹೆಂಡತಿ.

"ಅದ್ಕಿಂತ ಹೆಚ್ಚು ಕಣೇ," ಎಂದೆ.