ಹೊಳೆಯೊಳಗಿನ ಹತ್ತೊಂಬತ್ತು ಫ್ರೇಮು

ಬೆಳಿಗ್ಗೆ ಏಳು ಗಂಟೆ ಹದಿನೆಂಟು ನಿಮಿಷ ನಾಲ್ಕು ಸೆಕೆಂಡಿಗೆ ಎಲ್ಲ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಲು ಕಾರಣ ಕ್ಯಾಮೆರಾ. ತೆಗೆದ ಪ್ರತಿ ಚಿತ್ರದ ಜೊತೆಗೂ ಅದು ಸಮಯ ಬರೆದಿಡುತ್ತದೆ. ಕೆಲಸಕ್ಕೆ ಹೊರಡುವ ಮೊದಲು ಕ್ಯಾಮೆರಾದ ಗಡಿಯಾರವನ್ನು ಫೋನಿನದಕ್ಕೆ ಹೊಂದಿಸಿಕೊಳ್ಳಿ, ಎರಡು ಕ್ಯಾಮೆರಾದ ಚಿತ್ರ ಜೋಡಿಸುವಾಗ ಒದ್ದಾಡುವುದು ತಪ್ಪುತ್ತದೆ ಎಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದವಳು ನಾನು. ಆ ಗಡಿಯಾರ ನನ್ನ ಮೇಲೇ ಸಾಕ್ಷಿ ನುಡಿಯುತ್ತದೆ ಎಂದು ಅಂದುಕೊಂಡಿರಲಿಲ್ಲ.

ಕೊಟ್ಟೂರಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ. ಪತ್ರಿಕೋದ್ಯಮ ಓದುವಾಗ ಒಂದು ಪೇಪರು ಫೋಟೊಗ್ರಫಿ ಇತ್ತು, ಅದೇ ಕೈ ಹಿಡಿಯಿತು. ನಮ್ಮ ಕಡೆ ಕ್ಯಾಮೆರಾ ಹಿಡಿದ ಹೆಂಗಸರು ಕಡಿಮೆ. ಹಾಗಾಗಿ ಹೆಣ್ಣಿನ ಮನೆಯವರು ಹುಡುಕಿಕೊಂಡು ಬರುತ್ತಾರೆ. ಸೆರಗು ಸರಿಮಾಡಲು, ಗದ್ದ ಹಿಡಿದು ಎತ್ತಲು ಯಾರಿಗೂ ಸಂಕೋಚವಿರುವುದಿಲ್ಲ. ಈ ಹುಡುಗಿಯೂ ಹಾಗೇ ಬಂದವಳು. ಹರಪನಹಳ್ಳಿಯವಳು, ಶಾಲೆಯಲ್ಲಿ ಗಣಿತದ ಟೀಚರ್. ಮದುವೆಗೆ ಇನ್ನೊಂದು ತಿಂಗಳಿತ್ತು. ಅದಕ್ಕೂ ಮುಂಚಿನ ಫೋಟೊಗಳು ಹೊಳೆಯಲ್ಲೇ ಆಗಬೇಕು ಎಂದು ಅವಳ ಹಟ. ಆ ಬೆಳಿಗ್ಗೆ ನಾನು, ಅವಳು, ಅವಳನ್ನು ಮದುವೆಯಾಗುವ ಹುಡುಗ, ಮೂವರೇ ಹಲವಾಗಲಿನ ಹತ್ತಿರ ತುಂಗಭದ್ರೆಯ ದಂಡೆಗೆ ಹೋಗಿದ್ದೆವು.

ಸೂರ್ಯ ನನ್ನ ಬೆನ್ನಿಗಿದ್ದ. ಹೊಳೆ ಪಡುವಲಿಗೆ. ಮೊದಲ ಒಂದು ತಾಸಿನ ಬೆಳಕು ಮುಖದ ಮೇಲೆ ಬೀಳುವಾಗ ಯಾವ ಲೈಟೂ ಬೇಕಾಗುವುದಿಲ್ಲ. ಎಪ್ಪತ್ತರಿಂದ ಇನ್ನೂರು ಮಿಲಿಮೀಟರಿನವರೆಗೆ ಝೂಮ್ ಆಗುವ ಉದ್ದ ಲೆನ್ಸ್ ಹಾಕಿದ್ದೆ. ಒಂದೂವರೆ ಕಿಲೊ ತೂಗುವ ಅದನ್ನು ಎಡಗೈಯಲ್ಲಿ ಕೆಳಗಿನಿಂದ ಹಿಡಿದುಕೊಂಡೇ ಇರಬೇಕು. ಕ್ಯಾಮೆರಾ ಟ್ರೈಪಾಡಿನ ಮೇಲಿದ್ದರೆ ಆ ಕೈ ಖಾಲಿ ಇರುತ್ತದೆ, ನಿಂತವರಿಗೆ ಬೆರಳು ತೋರಿಸಿ ‘ಈ ಕಡಿ’ ಅನ್ನಬಹುದು. ನಾನು ಯಾವಾಗಲೂ ಹಾಗೇ ಮಾಡುತ್ತಿದ್ದೆ. ಅಂದು ಟ್ರೈಪಾಡ್ ಮರಳಿನ ಮೇಲೆ ಮಲಗಿತ್ತು. ನೀರಿನ ಹತ್ತಿರ ಅತ್ತಿತ್ತ ಓಡಾಡಬೇಕು, ಯಾರು ಹೊತ್ತು ತಿರುಗುತ್ತಾರೆ ಎಂಬ ಸೋಮಾರಿತನ.

ಈ ಲೆನ್ಸಿನ ಬಗ್ಗೆ ಇನ್ನೊಂದು ಮಾತು. ದೂರದಿಂದ ಎಳೆದು ನೋಡಿದಾಗ ಹಿಂದಿನದು ಮುಂದಿನದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಿನ್ನೆಲೆ ಕರಗಿ ಬರೀ ಬಣ್ಣವಾಗುತ್ತದೆ. ಅದಕ್ಕೇ ಜನ ಇದನ್ನು ಕೊಳ್ಳುವುದು. ಅವಳು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಒಂದು ಕಡುಹಸಿರು ಪಟ್ಟೆ. ಎಂಥ ಬಣ್ಣ ಅಂದುಕೊಂಡೆ. ಅದು ಮರಳು ತೆಗೆದು ತೆಗೆದು ಆದ ಮಡು, ಎರಡಾಳು ಆಳ.

ಹುಡುಗನನ್ನು ದಂಡೆಗೆ ಕರೆದೆ. ಅವಳೊಬ್ಬಳದೇ ಚಿತ್ರ ಬೇಕಿತ್ತು.

“ಅಕ್ಕಾ, ಆಕಿ ನಗು ಬರಂಗಿಲ್ಲ ನೋಡ್ರಿ,” ಎಂದ ಹುಡುಗ. “ಹೋಮ್‌ವರ್ಕ್ ತಿದ್ದಿದಂಗ ಮುಖ ಮಾಡ್ತಾಳ.”

“ಸುಮ್ನಿರಲೇ. ಬೆಂಚಿನ ಮ್ಯಾಲ ನಿಲ್ಲಿಸ್ತೀನಿ ನಿನ್ನ.”

ಹೀಗೆ ಅಂದು ಅವಳು ನಕ್ಕಳು. ನಾನು ಬೇಗ ಬೇಗ ಹೇಳಿದೆ: “ಹಂಗೇ ಇರ್ರಿ. ಬಲಕ್ಕ ಎರಡು ಹೆಜ್ಜಿ. ಕೈ ಅಗಲ ಮಾಡ್ರಿ, ದುಪಟ್ಟಾ ಹಾರಿಸ್ರಿ.”

ನಾನು ಅಂದದ್ದು ನನ್ನ ಬಲಕ್ಕೆ. ಅಲ್ಲಿ ಮರಳು ಮೇಲೆದ್ದಿತ್ತು, ಮಕ್ಕಳೂ ಆಡಬಹುದಿತ್ತು. ಆದರೆ ಅವಳು ನನಗೆ ಮುಖ ಮಾಡಿ ನಿಂತಿದ್ದಳು. ಅವಳ ಬಲಕ್ಕೆ ಮಡು. ಅವಳು ತನ್ನ ಬಲಕ್ಕೆ ಸರಿದಳು.

“ಬಡಗ್ಲಕ್ಕ ಬಾರವ್ವಾ! ತೆಂಕ್ಲಕ್ಕ ಮಡು ಐತಿ!” ಎಂದು ಯಾರೋ ಕೂಗಿದರು. ಆಚೆ ಹರಿಗೋಲಿನ ಹತ್ತಿರ ಬಲೆ ಬಿಡಿಸುತ್ತಿದ್ದ ವಯಸ್ಸಾದ ಮೀನುಗಾರ. ನನ್ನ ಕಿವಿಗೆ ಬಿತ್ತು. ಇನ್ಯಾರಿಗೋ ಹೇಳುತ್ತಿದ್ದಾನೆ ಎಂದುಕೊಂಡು ಬಟನ್ ಒತ್ತಿದೆ.

ಆಮೇಲಿನದು ನನ್ನ ತಲೆಯಲ್ಲಿ ಸರಿಯಾದ ಕ್ರಮದಲ್ಲಿಲ್ಲ. ಕ್ಯಾಮೆರಾ ಮರಳಿಗೆ ಬಿದ್ದಿತ್ತು. ಹುಡುಗ ನೀರಿಗೆ ಓಡುತ್ತಿದ್ದ. ಅವನಿಗೆ ಈಜು ಬರದು. “ಇಳಿಬ್ಯಾಡಲೇ! ಇಬ್ರನ್ನ ಹುಡುಕಾಕ ನನ್ನ ಕೈಲಾಗಂಗಿಲ್ಲ!” ಎಂದು ಮೀನುಗಾರ ಹರಿಗೋಲು ತಳ್ಳುತ್ತಾ ಬೈಯುತ್ತಿದ್ದ. ನಾನು ಟ್ರೈಪಾಡ್ ಹಿಡಿದು ಒದ್ದೆ ಮರಳಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದೆ. ಅವಳ ಕೈಗೆ ಅದರ ಒಂದು ಕಾಲು ಸಿಕ್ಕಿತು. ಒಂದರೊಳಗೊಂದು ಜಾರುವ ಆ ಕಾಲಿನ ಲಾಕನ್ನು ನಾನು ಬಿಗಿಮಾಡಿರಲಿಲ್ಲ. ಅದು ಸರಸರ ಜಾರಿ ಹೊರಬಂತು, ಅವಳು ಮತ್ತೆ ಒಳಗೆ ಹೋದಳು. ಕಾಲು ಕಿತ್ತೇ ಬಂತು ಎಂದುಕೊಂಡೆ. ಕೊನೆಯಲ್ಲಿ ಎಲ್ಲೋ ಕಚ್ಚಿ ನಿಂತಿತು, ಅವಳೂ ಬಿಡಲಿಲ್ಲ. ಅಷ್ಟರಲ್ಲಿ ಮೀನುಗಾರ ಬಂದು ಅವಳ ಕಂಕುಳಿಗೆ ಕೈ ಹಾಕಿದ. ನೀರು ಕುಡಿದ ಅವಳ ಲೆಹೆಂಗಾ ಅವಳಿಗಿಂತ ಭಾರವಿತ್ತು. ಮೂವರೂ ಸೇರಿ ಎಳೆದೆವು.

ಅವಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಅತ್ತಳು. ಮೀನುಗಾರ ನನ್ನ ಕಡೆ ತಿರುಗಿದ.

“ಆ ಡಬ್ಬಿಗಿ ಕಣ್ಣು ಕೊಟ್ಟು ನೀ ಕುರುಡಿ ಆಗಿಯೇನವ್ವಾ? ಎಷ್ಟಂತ ಕೂಗ್ಲಿ?”

“ಬಲಕ್ಕ ಅಂದಿದ್ನಿರಿ ನಾನು…”

“ಯಾರ ಬಲಕ್ಕ? ಹೊಳಿಗಿ ಎಡ ಬಲ ಇರ್ತಾವೇನು? ಮೂಡ್ಲ ಪಡುವ್ಲ ಅನ್ನಾಕ ಬರಲ್ಲೇನು ಓದಿದೋರಿಗಿ?”

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಎರಡು ದಿನ ಇರಿಸಿಕೊಂಡರು. ಪುಪ್ಪುಸಕ್ಕೆ ಹೋದ ನೀರು ತಡವಾಗಿಯೂ ಕಾಡಬಹುದು, ನೋಡಬೇಕು ಅಂದರು. ಆ ಎರಡು ದಿನ ನಾನು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಮೂರನೆಯ ದಿನ ಅವಳು ನಡೆದುಕೊಂಡೇ ಮನೆಗೆ ಹೋದಳು.

ಅಷ್ಟರಲ್ಲಿ ಹುಡುಗ ವಾಟ್ಸಾಪಿನಲ್ಲಿ ಬರೆದಿದ್ದ: ಅಕ್ಕ ಕೂಡಲೇ ಟ್ರೈಪಾಡ್ ಚಾಚದಿದ್ದರೆ ಇವಳು ಇರುತ್ತಿರಲಿಲ್ಲ. ಅದು ಹಡಗಲಿಯವರೆಗೂ ಹೋಯಿತು. ಸ್ಟುಡಿಯೊಗೆ ಬಂದವರೆಲ್ಲ “ಎಲ್ಲೈತ್ರಿ ಆ ಟ್ರೈಪಾಡ್, ತೋರಿಸ್ರಿ” ಅನ್ನತೊಡಗಿದರು. ಹಗರಿಬೊಮ್ಮನಹಳ್ಳಿಯ ಛಾಯಾಗ್ರಾಹಕ ಗೆಳೆಯನೊಬ್ಬ ಫೋನು ಮಾಡಿ, “ನಾವೆಲ್ಲಾ ಕೂಡಿ ಶಾಲು ಹೊದಿಸ್ತೀವಿ, ಇಲ್ಲ ಅನಬ್ಯಾಡ್ರಿ” ಅಂದ. ಇಲ್ಲ ಅಂದೆ. ವಿನಯ ಎಂದುಕೊಂಡ.

ಅವಳು ಮನೆಗೆ ಹೋದ ಮಧ್ಯಾಹ್ನವೇ ನಾನು ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ್ದೆ.

ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾ ಒಂದರ ಹಿಂದೊಂದು ತೆಗೆದ ಹತ್ತೊಂಬತ್ತು ಫ್ರೇಮುಗಳು. ಮೊದಲನೆಯದು 7:18:04, ಕೊನೆಯದು 7:18:09. ಮೊದಲ ಐದಾರರಲ್ಲಿ ಅವಳು ಕೈ ಅಗಲಿಸಿದ್ದಾಳೆ, ಬಾಯಿ ತೆರೆದಿದೆ, ದುಪಟ್ಟಾ ಮೇಲೆ ಹಾರಿದೆ. ನಗುತ್ತಿದ್ದಾಳೆ ಎಂದು ಯಾರಾದರೂ ಮೋಸಹೋಗಬಹುದು. ಏಳನೆಯದರಲ್ಲಿ ನೀರು ಎದೆಗೆ ಬಂದಿದೆ. ಒಂಬತ್ತರಲ್ಲಿ ಗದ್ದಕ್ಕೆ. ಎಲ್ಲದರಲ್ಲೂ ಫೋಕಸ್ ಕಣ್ಣಿನ ಮೇಲೆ ನಿಖರವಾಗಿ ಕೂತಿದೆ. ಹೊಸ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ. ರೆಪ್ಪೆಗಳನ್ನು ಎಣಿಸಬಹುದು.

ಬೆರಳು ಗಾಬರಿಯಲ್ಲಿ ಬಟನ್ನಿಗೆ ಅಂಟಿಕೊಂಡಿತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಆದರೆ ಚಿತ್ರದ ಜೊತೆ ಕ್ಯಾಮೆರಾ ಬರೆದಿಡುವುದು ಸಮಯವನ್ನಷ್ಟೇ ಅಲ್ಲ, ಲೆನ್ಸಿನ ಝೂಮ್ ಎಷ್ಟಕ್ಕಿತ್ತು ಎಂಬುದನ್ನೂ ಬರೆದಿಡುತ್ತದೆ. ಒಂದರಿಂದ ಹತ್ತರವರೆಗೆ 135. ಹನ್ನೊಂದು, ಹನ್ನೆರಡು 160. ಹದಿಮೂರರಿಂದ ಕೊನೆಯವರೆಗೆ 200. ಲೆನ್ಸಿನ ಝೂಮ್ ರಿಂಗು ತಾನಾಗಿ ತಿರುಗುವಂಥದ್ದಲ್ಲ. ಅವಳು ಮುಳುಗುತ್ತಿದ್ದಾಗ ನನ್ನ ಎಡಗೈ ಅವಳನ್ನು ಹತ್ತಿರಕ್ಕೆ ಎಳೆದುಕೊಂಡಿತ್ತು, ಚಿತ್ರದೊಳಗೆ.

ಎದ್ದು ಹೋಗಿ ನೀರು ಕುಡಿಯಲು ನೋಡಿದೆ. ಲೋಟದೊಳಗಿನ ನೀರನ್ನು ಹಾಗೇ ಚೆಲ್ಲಿಬಿಟ್ಟೆ.

ಅಂದಿನಿಂದ ನಿದ್ದೆ ಹರಿದು ಹರಿದು ಬರುತ್ತಿತ್ತು. ಕೆಲಸ ಬಿಡಲಾಗುವುದಿಲ್ಲ, ಹೋಗುತ್ತಿದ್ದೆ, ಆದರೆ ರೀತಿ ಬದಲಾಯಿತು. ನೀರು, ಬಂಡೆ, ಬಾವಿಕಟ್ಟೆ ಎಲ್ಲೇ ಆದರೂ ಮೊದಲು ನಾನೇ ಕೋಲು ಹಿಡಿದು ನಡೆದು ಬರುತ್ತೇನೆ, ಆ ಜಾಗದವರನ್ನು ಒಬ್ಬರನ್ನಾದರೂ ಕೇಳುತ್ತೇನೆ. ಉದ್ದ ಲೆನ್ಸ್ ಹಾಕುವ ಮುನ್ನ ಫೋನಿನಲ್ಲಿ ಅಗಲವಾದ ಒಂದು ಚಿತ್ರ ತೆಗೆದು ಸುತ್ತ ಏನಿದೆ ನೋಡುತ್ತೇನೆ. ಒಂದು ಕಣ್ಣು ಕ್ಯಾಮೆರಾದಲ್ಲಿದ್ದಾಗ ಇನ್ನೊಂದನ್ನು ಮುಚ್ಚುವುದಿಲ್ಲ. ರೂಢಿಯಾಗುವವರೆಗೆ ತಲೆನೋಯುತ್ತದೆ, ಆಮೇಲೆ ಇಲ್ಲ. ಯಾರಾದರೂ ಕೂಗಿದರೆ, ಯಾರಿಗೇ ಕೂಗಿರಲಿ, ಬೆರಳು ತೆಗೆಯುತ್ತೇನೆ. ಎಡ ಬಲ ಅನ್ನುವುದಿಲ್ಲ. ಕೂಡ್ಲಿಗಿಯ ಒಂದು ಮದುವೆಯಲ್ಲಿ “ಮೂಡ್ಲಕ್ಕ ಒಂದು ಹೆಜ್ಜಿ ಸರೀರಿ” ಅಂದೆ. ಅಜ್ಜ ಅಜ್ಜಿ ತಟ್ಟನೆ ಸರಿದರು. ಮದುಮಗ ಜೇಬಿನಿಂದ ಫೋನು ತೆಗೆದು ದಿಕ್ಕು ನೋಡತೊಡಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಿದ್ದ ಬಾಯಿಗಳನ್ನು ಕ್ಯಾಮೆರಾದೊಳಗೆ ನೋಡಿದೊಡನೆ ಬಟನ್ನಿನಿಂದ ಬೆರಳು ತೆಗೆದೆ.

ಹನ್ನೆರಡನೆಯ ದಿನ ಲ್ಯಾಪ್‌ಟಾಪ್ ಹಿಡಿದು ಅವಳ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡದ್ದೇ ಕೈಮುಗಿದು ಒಳಗೆ ಚಹಾಕ್ಕೆ ಹೋದರು. ಆ ಕೈಮುಗಿದದ್ದನ್ನು ನೋಡಿದ ಮೇಲೆ ಸುಮ್ಮನಿರುವುದು ಸಾಧ್ಯವಿರಲಿಲ್ಲ.

“ನಿಮಗೊಂದು ತೋರಿಸ್ಬೇಕು. ನೋಡಾಕ ಕಷ್ಟ ಆಗ್ತೈತಿ. ಬ್ಯಾಡ ಅಂದ್ರ ಬ್ಯಾಡ.”

“ತೋರಿಸ್ರಿ,” ಅಂದಳು.

ಒಂದೊಂದಾಗಿ ನೋಡಿದಳು. ಕೊನೆಯದಕ್ಕೆ ಬಂದು, ಮತ್ತೆ ಮೊದಲಿಗೆ ಹೋಗಿ, ಚಿತ್ರದ ಕೆಳಗಿನ ಸಮಯ ನೋಡುತ್ತಾ, ತುಟಿ ಅಲ್ಲಾಡಿಸುತ್ತಾ ಎಣಿಸಿದಳು.

“ಹತ್ತೊಂಬತ್ತು. ಐದು ಸೆಕೆಂಡು.” ಆಮೇಲೆ ಅಂದಳು: “ಅಕ್ಕಾ, ನೀರಿನ್ಯಾಗ ನಾನು ಎಣಿಸಿದ್ದೆ. ಅಂಜಿಕಿ ಆದಾಗ ಎಣಿಸೋದು ನನಗ ಸಣ್ಣಾಕಿ ಇದ್ದಾಗಿನಿಂದ ರೂಢಿ. ಐದಕ್ಕ ಬಂದ್ರೂ ಯಾರೂ ಬರ್ಲಿಲ್ಲ. ಮನ್ಯಾಗ ಹೇಳಿದ್ರ, ಇಲ್ಲ ಇಲ್ಲ, ಮೇಡಂ ಕೂಡ್ಲೇ ಓಡಿ ಬಂದಾರ, ಹೆದರಿಕ್ಯಾಗ ನಿನಗ ಹಂಗ ಅನಿಸೈತಿ ಅಂದ್ರು. ಅವ್ನೂ ಹಂಗ ಅಂದ. ನನ್ನ ತಲೀನೇ ಕೆಟ್ಟೈತೇನೋ ಅನ್ಕೊಂಡಿದ್ದೆ.”

“ನೀವು ಎಣಿಸಿದ್ದು ಖರೆ,” ಅಂದೆ. “ಇನ್ನೊಂದೈತಿ. ಹನ್ನೊಂದನೇದ್ರಿಂದ ನಾನು ಝೂಮ್ ಮಾಡೀನಿ.”

ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಆ ಕಣ್ಣುಗಳನ್ನು ನಾನು ಹದಿಮೂರನೆಯ ಫ್ರೇಮಿನಲ್ಲಿ ನೋಡಿದ್ದೆ. ಈಗ ಅವು ನನ್ನನ್ನು ನೋಡುತ್ತಿದ್ದವು.

“ನಾ ಸಾಯ್ತಿದ್ದೆ. ನೀವು ಝೂಮ್ ಮಾಡಿದ್ರಿ.”

“ಹೌದು.”

“ಯಾಕ?”

“ಗೊತ್ತಿಲ್ಲ.”

ಅವಳ ತಾಯಿ ಚಹಾ ತಂದಿಟ್ಟು, ಇಬ್ಬರ ಮುಖ ನೋಡುತ್ತಾ ನಿಂತರು. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. “ಇವನ್ನೆಲ್ಲಾ ನನಗ ಕೊಡ್ರಿ. ನಿಮ್ಮ ಹತ್ರ ಒಂದೂ ಇರಬಾರ್ದು. ಮತ್ತ ಮದುವಿಗಿ ಬರಬ್ಯಾಡ್ರಿ. ಫೋಟೊಕ್ಕೂ ಬ್ಯಾಡ, ಊಟಕ್ಕೂ ಬ್ಯಾಡ.”

ಅವಳ ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಅವಳ ಎದುರಿಗೇ ಲ್ಯಾಪ್‌ಟಾಪಿನಿಂದ ಅಳಿಸಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಚಹಾ ಹಾಗೇ ಉಳಿಯಿತು. ಬಾಗಿಲವರೆಗೆ ಅವಳು ಬರಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ತಾಯಿಗೆ ಅವಳು ಜೋರಾಗಿ ಹೇಳುತ್ತಿದ್ದದ್ದು ಕೇಳಿಸಿತು: “ಹೇಳಿದ್ದಿಲ್ಲೇನವ್ವಾ ನಾನು? ಐದು! ಐದು ಎಣಿಸಿದ್ದೆ!”

ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತೆ. ಅತ್ತೆನೆಂದು ನೆನಪಿಲ್ಲ. ಮನೆಗೆ ಬಂದು ಉಂಡು ಬೇಗನೆ ಮಲಗಿದವಳು, ಬೆಳಿಗ್ಗೆ ಹಾಲಿನವನು ಎರಡನೆಯ ಸಲ ಬಾಗಿಲು ಬಡಿದು “ಏನ್ರೀ, ಊರಾಗ ಇಲ್ಲೇನು?” ಎಂದು ಕೂಗುವವರೆಗೂ ಏಳಲಿಲ್ಲ. ಹೊಳೆಯಿಂದ ಬಂದ ಮೇಲೆ ಒಂದೇ ನಿದ್ದೆಗೆ ಬೆಳಗಾದದ್ದು ಅಂದೇ ಮೊದಲು.