ಢಾಕಾದಿಂದ ಬಂದ ಅಂಗಿ

ನಲ್ಲಿಯಲ್ಲಿ ಗಾಳಿ ಬುಸುಗುಟ್ಟಿದ ಕೂಡಲೇ ಏಳುವುದು. ನೀರು ಬರುವಷ್ಟರಲ್ಲಿ ಡ್ರಮ್ಮು ತೊಳೆದು ಬಿಂದಿಗೆ ಸಾಲಿಡುವುದು. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕುವುದು, ಹಾಲು ಕರೆದು ಡೈರಿಯ ಕ್ಯಾನನ್ನು ಬಾಗಿಲಲ್ಲಿ ಇಡುವುದು. ಒಲೆಯ ಒಂದು ಕಡೆ ಮುದ್ದೆಗೆ ಎಸರು, ಇನ್ನೊಂದು ಕಡೆ ಅತ್ತೆ ದೊಡ್ಡಮ್ಮನ ಮಂಡಿಗೆ ಕಾವು ಕೊಡಲು ಬಿಸಿನೀರು. ಸಾರಿಗೆ ಒಗ್ಗರಣೆ. ಮಗಳು ಕವನಳಿಗೆ ಕಾಲೇಜಿನ ಡಬ್ಬಿ, ತನಗೆ ಫ್ಯಾಕ್ಟರಿಯ ಡಬ್ಬಿ, ಗಂಡ ರಾಜೇಂದ್ರನಿಗೆ ತಟ್ಟೆಯಲ್ಲಿ ಮುಚ್ಚಿಟ್ಟ ಮುದ್ದೆ. ಅವನ ಗೂಡ್ಸ್ ಆಟೋದ ಗಾಜು ಒರೆಸುವುದು ಮಾತ್ರ ಅವಳ ಕೆಲಸವಲ್ಲ. ಅದನ್ನು ಅವನೇ ಮಾಡಿಕೊಳ್ಳುತ್ತಾನೆ, ಮಾಡಿದೆನೆಂದು ದಿನವೂ ಹೇಳುತ್ತಾನೆ.

ಇಷ್ಟೆಲ್ಲ ಮುಗಿದಾಗಲೂ ಚಿಕ್ಕಯ್ಯನಛತ್ರದ ರಸ್ತೆಯ ಮೇಲೆ ಬೆಳಕು ಹರಿದಿರುವುದಿಲ್ಲ. ಯಶೋಧರಾ ಊರ ಬಾಗಿಲಲ್ಲಿ ಫ್ಯಾಕ್ಟರಿ ಬಸ್ಸಿಗೆ ನಿಂತಿರುತ್ತಾಳೆ. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷದಿಂದ ಟೈಲರ್. ವಯಸ್ಸು ಮೂವತ್ತೆಂಟು. ಸುಮ್ಮನೆ ಕೂರುವುದು ಅವಳಿಗೆ ಮರೆತೇ ಹೋಗಿದೆ. ಬಸ್ಸಿನ ಸೀಟಿನಲ್ಲೂ ಬಲಗಾಲು ತನ್ನಷ್ಟಕ್ಕೆ ಇಲ್ಲದ ಪೆಡಲನ್ನು ಒತ್ತುತ್ತಿರುತ್ತದೆ.

ಆ ಕಾಲಿನ ವೇಗ ಒಮ್ಮೆ ಅವಳನ್ನು ಕೆಡಿಸಿತ್ತು. ಹಿಂದಿನ ವರ್ಷ ಅಮೃತೇಶ್ ಎಂಬ ಎಂಜಿನಿಯರು ಸ್ಟಾಪ್‌ವಾಚ್ ಹಿಡಿದು ಬಂದು, ಅಂಗಿಯ ತೋಳಿಗೆ ಪಟ್ಟಿ ಹಚ್ಚುತ್ತಿದ್ದ ಅವಳ ಪಕ್ಕ ನಿಂತಿದ್ದ. ಯಾರೋ ತನ್ನ ಕೆಲಸವನ್ನು ಕಣ್ಣಿಟ್ಟು ನೋಡುತ್ತಿದ್ದಾರೆ ಎಂಬುದೇ ಅವಳಿಗೆ ಹೊಸದು. ಮನೆಯಲ್ಲಿ ಅವಳು ಎಷ್ಟು ಬೇಗ ಮುದ್ದೆ ಕಟ್ಟುತ್ತಾಳೆಂದು ಯಾರು ನೋಡಿದ್ದರು? ಹುಮ್ಮಸ್ಸಿನಲ್ಲಿ ಮೂವತ್ತೈದು ಸೆಕೆಂಡಿಗೆ ಒಂದರಂತೆ ಹೊಲಿದು ಹಾಕಿದಳು. ಮಾರನೆಯ ದಿನ ಬೋರ್ಡಿನ ಮೇಲೆ ಎಲ್ಲರಿಗೂ ಗಂಟೆಗೆ ನೂರು ಎಂದು ಬರೆದಿತ್ತು. ಅಲ್ಲಿಯವರೆಗೆ ಎಪ್ಪತ್ತೈದಿತ್ತು. ಒಬ್ಬಳ ಓಟವನ್ನು ಅಳೆದು ನಲವತ್ತು ಹೆಂಗಸರಿಗೆ ಟಾರ್ಗೆಟ್ ಕಟ್ಟುತ್ತಾರೆಂದು ಅವಳಿಗೆ ಗೊತ್ತಾದದ್ದು ಆಗಲೇ.

ಮೇ ತಿಂಗಳ ಒಂದು ಸಂಜೆ ರಾಜೇಂದ್ರ ಟಿವಿಯ ಮುಂದಿನಿಂದ ಕೂಗಿದ. "ಕೊಟ್ರು ನೋಡು ಬಾಂಗ್ಲಾದೋರ್ಗ! ಇನ್ಮೇಲೆ ಅವ್ರ ರೆಡಿಮೇಡ್ ಬಟ್ಟೆ ರೋಡಲ್ಲಿ ಬರಂಗಿಲ್ವಂತೆ. ಸಮುದ್ರ ಸುತ್ಕಂಡು ಹಡಗಲ್ಲೇ ಬರ್ಬೇಕಂತೆ. ನಿಮ್ ಫ್ಯಾಕ್ಟ್ರಿಗ ಹಬ್ಬ ಕನಮ್ಮಿ."

ಯಶೋಧರಾ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. "ಹಬ್ಬ ಅಂದ್ರ ಇನ್ನೊಂದ್ ರಾಶಿ ಪಾತ್ರೆ ಅಂತ ಲೆಕ್ಕ. ಯಾಕಂತೆ ನಿಲ್ಸಿರೋದು?"

ಉತ್ತರ ಕೊಟ್ಟವಳು ಕವನ. "ಅವ್ರು ಮೊದ್ಲು ನಮ್ ನೂಲು ಲಾರೀಲಿ ಬರೋದು ಬೇಡ ಅಂದ್ರು ಕನವ್ವ. ಈಗ ನಾವು ಅವ್ರ ಬಟ್ಟೆ ಬೇಡ ಅಂದ್ವಿ."

"ಒಂದೇ ಗೋಡೆ ಅಂಚ್ಕಂಡಿರೋ ವಾರಗಿತ್ತೀರಂಗ ಆಡ್ತಾವ್ರಲ್ಲ! ಅವಳು ಒರಳು ಕೊಡಕಿಲ್ಲ, ಇವಳು ಒನಕೆ ಕೊಡಕಿಲ್ಲ. ಅತ್ತಗೂ ಇತ್ತಗೂ ಓಡಾಡಿ ಕುಟ್ಟೋರು ಮಾತ್ರ ನಮ್ಮಂತೋರೆಯ."

ರಾಜೇಂದ್ರ ನಕ್ಕ. ಹದಿನೈದು ದಿನಕ್ಕೆ ಆ ನಗು ಇಳಿಯಿತು. ಮೈಸೂರಿನಿಂದ ತಿ. ನರಸೀಪುರದ ಅಂಗಡಿಯೊಂದಕ್ಕೆ ಅಗ್ಗದ ಬಟ್ಟೆಯ ಬಂಡಲ್ಲು ಹೊಡೆಯುವುದು ಅವನ ಖಾಯಂ ಬಾಡಿಗೆಯಾಗಿತ್ತು. ಅದರಲ್ಲಿ ಅರ್ಧಕ್ಕರ್ಧ ಬಾಂಗ್ಲಾ ಮಾಲು ಎಂದು ಅಂಗಡಿಯವನು ಹೇಳಿದ್ದು ಮಾಲು ನಿಂತ ಮೇಲೆ. ಆಟೋ ಮನೆಯ ಮುಂದೆ ನಿಲ್ಲತೊಡಗಿತು. ಗಾಜು ಮಾತ್ರ ದಿನವೂ ಫಳಫಳ ಹೊಳೆಯುತ್ತಿತ್ತು.

ಜೂನ್ ಮೊದಲ ವಾರ ಲೈನಿನ ಸೂಪರ್‌ವೈಸರ್ ಮದನ್ ಒಂದು ಅಂಗಿ ತಂದು ಯಶೋಧರಾಳ ಮೆಷಿನ್ ಮೇಲೆ ಹಾಕಿದ. ತಿಳಿ ನೀಲಿ ಬಣ್ಣದ ಗಂಡಸರ ಅಂಗಿ. ಅವಳು ಅಭ್ಯಾಸದಂತೆ ಒಳಮೈ ತಿರುಗಿಸಿದಳು. ಕತ್ತಿನಲ್ಲಿ ಮೇಡ್ ಇನ್ ಬಾಂಗ್ಲಾದೇಶ್ ಎಂಬ ಪಟ್ಟಿ.

"ಢಾಕಾದ್ದು ಅಕ್ಕ," ಎಂದ ಮದನ್. "ಮುಂಬೈ ಕಂಪನಿಯೋರು ಇಷ್ಟು ದಿನ ಅಲ್ಲಿ ಹೊಲಿಸ್ತಿದ್ರು. ಈಗ ರೋಡ್ ಬಂದಾಯ್ತಲ್ಲ, ಇಲ್ಲಿ ಕೇಳ್ತಾವ್ರೆ. ಕಾಲರ್ ಹಚ್ಚೋದೇ ಇದ್ರಲ್ಲಿ ಕಷ್ಟದ್ದು. ಅವ್ರು ಗಂಟೆಗೆ ಅರವತ್ತು ಹಚ್ತಾರಂತೆ. ನಾವು ಎಪ್ಪತ್ತೈದು ತೋರಿಸುದ್ರೆ ಆರ್ಡರ್ ನಮ್ದು. ಗುರುವಾರ ಟೈಮ್ ಸ್ಟಡಿ, ಅಮೃತೇಶ್ ಸಾರ್ ವಾಚ್ ಹಿಡ್ಕಂಡು ಬರ್ತಾರೆ. ನಿಮ್ಮನ್ನೇ ಕೂರಿಸ್ತೀನಿ. ಎರಡನೇ ಲೈನ್‌ಗೆ ಸೂಪರ್‌ವೈಸರ್ ಚೇರ್ ಖಾಲಿ ಅದೆ, ಗೊತ್ತಲ್ಲ?"

"ಸೂಪರ್‌ವೈಸರ್‌ಗೆ ಚೇರೆಲ್ಲಿ ಸಾ? ನೀವು ದಿನಾ ನಿಂತೇ ಇರ್ತೀರಿ."

ಸುತ್ತಲಿನ ಹೆಂಗಸರು ಕಿಸಕ್ಕೆಂದರು. ಯಶೋಧರಾ ಮಾತ್ರ ಅಂಗಿಯನ್ನು ಕೈಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ನೀನು ಬೇರೆ ಏನಾದರೂ ಆಗಬಹುದು ಎಂದಿರಲಿಲ್ಲ.

ಅವನು ಹೋದ ಮೇಲೆ ಕಾಲರಿನ ಹೊಲಿಗೆಯ ಮೇಲೆ ಬೆರಳು ಓಡಿಸಿದಳು. ಬೆನ್ನ ನಡುವೆ, ಕಾಲರಿನ ಮಧ್ಯ ಬಟ್ಟೆಯ ಮಧ್ಯಕ್ಕೆ ಕೂರಬೇಕಾದ ಜಾಗದಲ್ಲಿ, ನಾಲ್ಕು ಹೊಲಿಗೆ ಸ್ವಲ್ಪ ಒತ್ತಾಗಿ ಬಿದ್ದಿದ್ದವು. ಹೊಲಿದವಳು ಅಲ್ಲಿ ಕಾಲು ಸಡಿಲಿಸಿದ್ದಾಳೆ. ಬಟ್ಟೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ಮುಂದೆ ಹೋಗಿದ್ದಾಳೆ. ಗಂಟೆಗೆ ಅರವತ್ತಾದರೆ ಹಾಗೆ ನೋಡಬಹುದು. ಎಪ್ಪತ್ತೈದಾದರೆ ಕಣ್ಣು ಮುಚ್ಚಿಕೊಂಡು ಹೋಗಬೇಕು. ಈಗ ಆ ಢಾಕಾದವಳ ಮೆಷಿನ್ ಮೇಲೆ ಯಾವ ಬಟ್ಟೆ ಬಿದ್ದಿದೆಯೋ, ಏನೂ ಬಿದ್ದಿಲ್ಲವೋ!

ಮನೆಯಲ್ಲಿ ಸುದ್ದಿ ಹೇಳಿದಾಗ ರಾಜೇಂದ್ರ ಎದ್ದು ಕುಳಿತ. "ಒಪ್ಕೊ. ಸೂಪರ್‌ವೈಸರ್ ಅಂದ್ರ ತಮಾಸೆನಾ?"

"ಏಳೂವರೆ ಗಂಟ ಅಲ್ಲೇ ಇರ್ಬೇಕು. ಸಂಜೆ ಹಾಲು ಯಾರ್ ಕರೀತಾರೆ?"

"ಅವ್ವ ಇಲ್ವಾ?"

"ನನ್ ಮಂಡಿ ನೋಡ್ಲಾ ಮೊದ್ಲು," ಎಂದಳು ದೊಡ್ಡಮ್ಮ ಮೂಲೆಯಿಂದ. "ಕೆಲ್ಸಿಲ್ದೆ ಕುಂತಿದ್ದೀಯಲ್ಲ, ನಿನ್ ಕೈಗೇನಾಗದ? ನೀನ್ ಕರಿ."

ರಾಜೇಂದ್ರ ಕೊಟ್ಟಿಗೆಯ ಕಡೆ ತಿರುಗಿ, ಆ ಹಸುವನ್ನು ಅವತ್ತೇ ಮೊದಲು ಕಂಡವನಂತೆ ನೋಡಿದ.

ಗುರುವಾರ ಊಟದ ಹೊತ್ತಿಗೆ ಚನ್ನಬಸಮ್ಮ ಪಕ್ಕ ಬಂದು ಕೂತಳು. ಐವತ್ತೊಂದರ ಹೆಂಗಸು, ಮೈಯಲ್ಲಿ ಸಕ್ಕರೆ ಕಾಯಿಲೆ. ಲೈನಿನಲ್ಲಿ ಯಶೋಧರಾಳ ಮುಂದಿನ ಮೆಷಿನ್ ಅವಳದು.

"ಆರ್ಡರ್ ಬ್ಯಾಡ ಅನ್ನಕಿಲ್ಲ ಕಣವ್ವ. ಆದ್ರ ಓದ್ಸಲ ನೀನು ಓಡ್ದೆ, ನಾನು ಬಾತ್ರೂಮಿಗೆ ಏಳಕ್ಕಾಗ್ದೆ ನೀರು ಕುಡಿಯೋದ್ನೇ ಬಿಟ್ಟೆ. ಆಮೇಲೆ ಉರಿಮೂತ್ರ ಆಗಿ ಆಸ್ಪತ್ರೆಲಿ ಮಲಗಿದ್ದು ನಿಂಗೂ ಗೊತ್ತದ."

ಎದುರು ಕೂತಿದ್ದ ರಂಜಿನಿ ಡಬ್ಬಿಯಿಂದ ತಲೆ ಎತ್ತಿದಳು. ಸೇರಿ ವರ್ಷವಾಗಿತ್ತಷ್ಟೆ, ಗಂಡನನ್ನು ಬಿಟ್ಟು ಮಗು ಎತ್ತಿಕೊಂಡು ಬಂದವಳು. "ಅಂಗನ್ಬೇಡಿ ಅಮ್ಮ. ಕೆಲ್ಸಿಲ್ಲ ಅಂತ ಹದಿನೇಳು ದಿನ ಲೈನ್ ನಿಲ್ಸಿದ್ರಲ್ಲ, ನಾನು ಪಟ್ಟ ಪಾಡು ನನಗೇ ಗೊತ್ತು. ಅಕ್ಕ, ನೀವು ಓಡಿ. ಟಾರ್ಗೆಟ್ ಆಮೇಲೆ ನೋಡ್ಕಳಣ."

"ಆಮೇಲೆ ನೋಡ್ಕಳೋದು ಯಾರೇ, ನಿನ್ ಸೊಂಟನಾ, ನನ್ ಸೊಂಟನಾ?" ಎಂದಳು ಚನ್ನಬಸಮ್ಮ. ಆದರೂ ತನ್ನ ಡಬ್ಬಿಯ ಉಪ್ಪಿನಕಾಯಿಯನ್ನು ರಂಜಿನಿಯ ಕಡೆ ತಳ್ಳಿದಳು.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಯಶೋಧರಾ ಡಬ್ಬಿ ಮುಚ್ಚಿದಳು. ಎದ್ದು ಕೈ ತೊಳೆದಳು, ಮತ್ತೆ ತೊಳೆದಳು, ಬಾಗಿಲವರೆಗೆ ಹೋಗಿ ಬಂದಳು.

ಎರಡು ಗಂಟೆಗೆ ಅಮೃತೇಶ್ ಬಂದ. ಜೊತೆಗೆ ಮುಂಬೈ ಕಂಪನಿಯ ಕಡೆಯವನೊಬ್ಬ, ದೂರದಲ್ಲಿ ಮೊಬೈಲ್ ನೋಡುತ್ತ. ಮದನ್ ಹತ್ತು ಅಂಗಿಯ ಕಟ್ಟು ತಂದಿಟ್ಟು, ಬಗ್ಗಿ ಪಿಸುಗುಟ್ಟಿದ. "ಒಂದಕ್ಕೆ ನಲವತ್ತೆಂಟು ಸೆಕೆಂಡ್ ಅಕ್ಕ, ಗಂಟೆಗೆ ಎಪ್ಪತ್ತೈದು ಆಯ್ತದೆ. ನಿಮ್ಗೆ ಅದೇನ್ ಲೆಕ್ಕ."

ಲೆಕ್ಕವೇ ಅಲ್ಲ, ಅದು ಅವಳಿಗೂ ಗೊತ್ತಿತ್ತು. ಬೆಳಿಗ್ಗೆ ಯಾರೂ ನೋಡದಾಗ ನಲವತ್ತೊಂದಕ್ಕೆ ಒಂದು ಕಾಲರ್ ಹಚ್ಚಿ ನೋಡಿದ್ದಳು. ಹತ್ತು ಅಂಗಿಯವರೆಗೆ ಹಾಗೆ ಓಡಬಹುದು. ನಾಳೆಯಿಂದ ದಿನವಿಡೀ, ದಿನ ದಿನವೂ ಓಡಬೇಕಾದವರು ಅವಳ ಹಿಂದೆಯೂ ಮುಂದೆಯೂ ಕೂತಿದ್ದರು. ಢಾಕಾದಲ್ಲಿ ಆರ್ಡರ್ ಕಳೆದುಕೊಂಡವಳಿಗೂ ನಾಳೆ ಯಾರಾದರೂ ಈ ಎಪ್ಪತ್ತೈದನ್ನೇ ತೋರಿಸಿ, ಅವರು ಮಾಡ್ತಾರೆ, ನಿನಗೇನು ಬಂದಿದೆ ಎನ್ನುವರು. ಆಮೇಲೆ ಅವಳು ಓಡಿ ಎಂಬತ್ತು ಹಚ್ಚಿದರೆ, ಆ ಎಂಬತ್ತು ಇಲ್ಲಿಯ ಟಾರ್ಗೆಟ್ ಆಗಿ ಬರುತ್ತದೆ.

ವಾಚು ಟಕ್ ಎಂದಿತು.

ಯಶೋಧರಾ ಅಂಗಿಯನ್ನು ಸೂಜಿಯ ಕೆಳಗೆ ಸರಿಸಿದಳು. ಪಾದ ಹಾರಲು ನೋಡಿತು. ಹಿಮ್ಮಡಿ ಊರಿ ತಡೆದಳು. ಬೆನ್ನಿನ ನಡುವೆ ಬಂದಾಗ ಕಾಲು ಸಡಿಲಿಸಿ, ಬಟ್ಟೆ ಕೂತದ್ದನ್ನು ಕಣ್ಣಾರೆ ನೋಡಿ ಮುಂದಕ್ಕೆ ಹೋದಳು. ಎರಡನೆಯ ಅಂಗಿ, ಮೂರನೆಯದು, ಹತ್ತನೆಯದು. ಒಂದರಲ್ಲೂ ಕಾಲು ಹಾರಲಿಲ್ಲ.

"ಒಂದಕ್ಕೆ ಅರವತ್ತೆರಡು ಸೆಕೆಂಡ್," ಎಂದ ಅಮೃತೇಶ್. ಮದನ್ ಮುಖ ಕಪ್ಪಿಟ್ಟಿತು. ಕಂಪನಿಯವನು ಮೊಬೈಲಿನಿಂದ ತಲೆ ಎತ್ತಿದ.

ಅಮೃತೇಶ್ ಮೆಲ್ಲಗೆ ಕೇಳಿದ. "ಹೋದ್ಸಲ ಗಾಳಿ ತರ ಹೊಲಿದ್ರಲ್ಲಮ್ಮ? ಕೈಗೇನಾದ್ರೂ ನೋವಾ? ನೋವು ಅಂದ್ರೆ ಬೇರೆಯವ್ರನ್ನ ಕೂರಿಸ್ತೀನಿ, ನಿಮ್ ಹೆಸರು ಬರೆಯಲ್ಲ."

ಹೌದು ಎಂದರೆ ಸಾಕಿತ್ತು. ರಂಜಿನಿಯನ್ನು ಕೂರಿಸುತ್ತಿದ್ದರು, ಅವಳು ಪ್ರಾಣ ಬಿಟ್ಟು ಓಡುತ್ತಿದ್ದಳು. ಆರ್ಡರ್ ಬರುತ್ತಿತ್ತು, ತಪ್ಪು ತನ್ನದಾಗುತ್ತಿರಲಿಲ್ಲ. ಯಶೋಧರಾ ಹಿಂದೆಯೂ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ.

"ಕೈಗೇನೂ ಆಗಿಲ್ಲ ಸಾ. ದಿನವೆಲ್ಲ ಹೊಲಿಯೋ ಕೈ ಇದೇಯ. ಬೇಕಾದ್ರೆ ಇನ್ನೊಂದ್ಸಲ ಅಳೀರಿ."

ಅವನು ವಾಚನ್ನು ಸೊನ್ನೆಗೆ ತಂದ. ಅವಳು ಇನ್ನೊಂದು ಕಟ್ಟು ಬಿಚ್ಚಿ, ಮೊದಲ ಅಂಗಿಯನ್ನು ಸೂಜಿಯ ಕೆಳಗಿಟ್ಟು, ಅದೇ ನಿಧಾನದಲ್ಲಿ ಪೆಡಲ್ ಒತ್ತಿದಳು.