ಉಗುರಿನ ಗುರುತಿನ ಸೋರೆಕಾಯಿ

ಆ ಸೀಮೆಯಲ್ಲಿ ಬುರುಡೆ ಬಿಡುವವರಿಗೇನೂ ಕೊರತೆಯಿರಲಿಲ್ಲ. ಬುರುಡೆ ಮಾರುವವಳು ಮಾತ್ರ ಒಬ್ಬಳೇ ಇದ್ದಳು. ಜನ ಅವಳನ್ನು ಬುರುಡೆಯಕ್ಕ ಎಂದರು, ಅವಳೂ ಓಗೊಟ್ಟಳು, ಅಲ್ಲಿಗೆ ಹೆಸರು ನಿಂತುಹೋಯಿತು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಒಂದೂವರೆ ಎಕರೆ ಜಮೀನು, ಅದರ ಮೂಲೆಗೊಂದು ಮನೆ, ಮನೆಗೂ ರಸ್ತೆಗೂ ನಡುವೆ ಒಂದು ತಗಡಿನ ಚಪ್ಪರ. ಚಪ್ಪರದ ಕೆಳಗೆ ಎರಡು ಡ್ರಮ್ಮುಗಳ ಮೇಲೆ ಒಂದು ಹಳೆಯ ಬಾಗಿಲನ್ನು ಮಲಗಿಸಿದ್ದರು. ಅದೇ ಅಂಗಡಿ. ಬಾಗಿಲ ಚಿಲಕ ಇನ್ನೂ ಹಾಗೇ ಇತ್ತು. ಅದಕ್ಕೆ ಚೀಲ ನೇತುಹಾಕಲು ಅನುಕೂಲ. ಬೇಸಿಗೆಯಲ್ಲಿ ಅದರ ಮೇಲೆ ಸೌತೆ, ಬದನೆ, ಟೊಮೆಟೊ. ಚಳಿಗಾಲದಲ್ಲಿ ಕೋಸು, ಕ್ಯಾರೆಟ್, ಮೂಲಂಗಿ, ನಾಲ್ಕೈದು ಬಾಟಲಿ ಜೇನು, ಮತ್ತು ಬುರುಡೆಗಳು.

ಚಳಿಗಾಲ ಬಂತೆಂದರೆ ಮಣ್ಣಿಗೂ ಮೈಗಳ್ಳತನ ಬರುತ್ತದೆ. ಕೋಸು ಬೆಳೆಯುತ್ತಿದೆಯೋ ಮಲಗಿದೆಯೋ ತಿಳಿಯುವುದಿಲ್ಲ. ಬೆಳಗಿನ ಮಂಜಿನಲ್ಲಿ ಕ್ಯಾರೆಟ್ ಕೀಳಲು ಹೋದರೆ ಕೈ ಮರಗಟ್ಟಿ, ಹಿಡಿದದ್ದು ಗೆಡ್ಡೆಯೋ ತನ್ನದೇ ಬೆರಳೋ ಎಂದು ನೋಡಿಕೊಳ್ಳಬೇಕು. ಆ ನಾಲ್ಕು ತಿಂಗಳು ಮನೆ ನಡೆಯುತ್ತಿದ್ದದ್ದು ಸೋರೆ ಬುರುಡೆಗಳಿಂದ. ಬಳ್ಳಿ ಒಣಗಿದ ಮೇಲೆ ಕಾಯಿಗಳನ್ನು ಇಳಿಸಿ ಅಟ್ಟದಲ್ಲಿ ಹರವುತ್ತಿದ್ದರು. ಅವು ಅಲ್ಲೇ ಬೂಷ್ಟು ಹಿಡಿದು, ಕಪ್ಪಾಗಿ, ನೋಡಿದವರು ಮೂಗು ಮುರಿಯುವಂತಾಗಿ, ಕೊನೆಗೆ ಮರದಷ್ಟು ಗಟ್ಟಿಯಾಗುತ್ತಿದ್ದವು. ಆಮೇಲೆ ನೀರಲ್ಲಿ ನೆನೆಸಿ ಬೂಷ್ಟು ಕೆರೆದು, ಸಣ್ಣ ಗರಗಸದಲ್ಲಿ ಕೊಯ್ದು, ಒಳಗಿನ ನಾರು ಬೀಜ ತೆಗೆದು, ಅಂಚು ಉಜ್ಜಿ, ಕಾದ ತಂತಿಯಿಂದ ಎಲೆ, ಹಕ್ಕಿ, ಮೀನು ಬರೆದು, ಎಣ್ಣೆ ಸವರಿದರೆ ಸೌಟಾಯಿತು, ಬಟ್ಟಲಾಯಿತು, ದೀಪದ ಗೂಡಾಯಿತು. ಬುರುಡೆಯಕ್ಕನ ಮೀನುಗಳಿಗೆ ರೆಪ್ಪೆ ಇರುತ್ತಿತ್ತು. ಮೀನಿಗೆಲ್ಲಿಯ ರೆಪ್ಪೆ ಎಂದು ಯಾರಾದರೂ ಕೇಳಿದರೆ, "ನಿಮ್ಮ ಕಡೆ ಮೀನಿಗೆ ಇರಲ್ವೇನೋ, ಪಾಪ" ಎನ್ನುತ್ತಿದ್ದಳು.

ಆದರೆ ಎಲ್ಲ ಸೋರೆಯೂ ಬುರುಡೆಯಾಗುವುದಿಲ್ಲ. ಅಡಿಗೆ ಸೋರೆಯ ಓಡು ತೆಳು. ಗರಗಸ ಇಟ್ಟರೆ ಮೊಟ್ಟೆಯ ಚಿಪ್ಪಿನ ಹಾಗೆ ಒಡೆಯುತ್ತದೆ. ಬುರುಡೆಯಕ್ಕನ ಮನೆಯ ತಳಿಯದು ಅರ್ಧ ಬೆರಳು ದಪ್ಪದ ಓಡು. ತಳಿ ಅವಳ ಅತ್ತೆ ಉಳಿಸಿಕೊಂಡು ಬಂದದ್ದು. ಸುತ್ತಲ ಹೊಲಗಳಲ್ಲೆಲ್ಲ ತೆಳು ಓಡಿನ ಸೋರೆ. ಒಂದು ಹುಳು ಅಲ್ಲಿಯ ಹೂವಿನಿಂದ ಇಲ್ಲಿಯ ಹೂವಿಗೆ ಹಾರಿದರೆ ಸಾಕು, ಆ ಕಾಯಿಯ ಬೀಜ ಕೆಟ್ಟಂತೆ. ಅದಕ್ಕೇ ಅತ್ತೆ ಒಂದು ಕ್ರಮ ಇಟ್ಟಿದ್ದಳು. ಸೋರೆ ಹೂವು ಅರಳುವುದು ಹೊತ್ತು ಇಳಿದ ಮೇಲೆ. ಅರಳುವ ಮುಂಚೆಯೇ ಒಂದು ಗಂಡು ಹೂವಿಗೆ, ಒಂದು ಹೆಣ್ಣು ಹೂವಿಗೆ ಬಾಯಿ ಕಟ್ಟಬೇಕು, ದಾರದಿಂದ. ಸಂಜೆ ಬಿಚ್ಚಿ ಅದನ್ನು ಇದಕ್ಕೆ ಮುಟ್ಟಿಸಿ ಮತ್ತೆ ದಾರ ಕಟ್ಟಬೇಕು. ಕಾಯಿ ಮುಷ್ಟಿಯಷ್ಟಾದಾಗ ತೊಟ್ಟಿನ ಕೆಳಗೆ ಹೆಬ್ಬೆರಳಿನ ಉಗುರು ಒತ್ತಬೇಕು. ಕಾಯಿಯ ಜೊತೆ ಗುರುತೂ ಬೆಳೆದು, ಅರ್ಧಚಂದ್ರದಂಥ ಗಾಯದ ಕಲೆಯಾಗಿ ನಿಲ್ಲುತ್ತದೆ. ಅದು ಬೀಜದ ಕಾಯಿ. ಬಿತ್ತನೆಯ ದಿನದವರೆಗೆ ಅದನ್ನು ಒಡೆಯುವಂತಿಲ್ಲ, ಒಲೆಯ ಮೇಲಿನ ಗೋಡೆಗೆ ನೇತುಹಾಕಿರಬೇಕು. ಬಿತ್ತಿ ಮಿಕ್ಕ ಬೀಜವನ್ನು ಒಲೆಗೆ ಹಾಕಬೇಕು. ಒಂದು ಬೀಜವೂ ಮನೆಯಿಂದ ಆಚೆ ಹೋಗಕೂಡದು.

ಇಷ್ಟನ್ನೂ ಅತ್ತೆ ಹೇಳಿಕೊಟ್ಟದ್ದು ಸೊಸೆಗೆ ಮಾತ್ರ. ಮಗಳಿಗೆ ಹೇಳಲಿಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು. ಹೋಗುವಾಗ ಬೀಜ ಕಟ್ಟಿಕೊಂಡು ಹೋದರೆ?

ಮಗಳು ಹೋದದ್ದೂ ಆಯಿತು, ತಿರುಗಿ ಬಂದದ್ದೂ ಆಯಿತು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಇಳಿಸಿಕೊಂಡು ಅಣ್ಣನ ಬಾಗಿಲಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ಅತ್ತೆ ಕಣ್ಣು ಮುಚ್ಚಿದ್ದಳು. ಬಂದ ವಾರದಲ್ಲೇ ರಸ್ತೆಬದಿಯ ಅಂಗಡಿ ಈ ನಾದಿನಿಯದಾಯಿತು. ಮೂಲಂಗಿಗೆಂದು ಸೈಕಲ್ ನಿಲ್ಲಿಸಿದವನು ಅವಳ ಮಾತಿಗೆ ಸಿಕ್ಕಿ ಕೋಸನ್ನೂ ಹೊತ್ತು ಹೋಗುತ್ತಿದ್ದ. ಅವಳಿಗೆ ಗುರುತಿನ ವಿಷಯ ಮುಚ್ಚಿಡಬೇಕೆಂದು ಬುರುಡೆಯಕ್ಕನೇನೂ ನಿಶ್ಚಯ ಮಾಡಿರಲಿಲ್ಲ. ಹೇಳಬೇಡ ಎಂದು ಅತ್ತೆ ಹೇಳಿದ್ದಳು. ಇನ್ನು ಹೇಳಬಹುದು ಎಂದು ಯಾರೂ ಹೇಳಿರಲಿಲ್ಲ. ಹಾಗೇ ನಡೆದುಹೋಯಿತು.

ಪ್ರತಿ ವರ್ಷ ಎರಡು ಕಾಯಿಗೆ ಗುರುತು ಬೀಳುತ್ತಿತ್ತು. ಆ ವರ್ಷ ಒಂದು ಬಳ್ಳಿಯಲ್ಲೇ ಕೊಳೆತು ಒಂದೇ ಉಳಿದಿತ್ತು. ಅದು ಬೇರೆ ಮೂರು ಕಾಯಿಗಳ ಜೊತೆ ಒಲೆಯ ಮೇಲೆ ಹೊಗೆ ಕುಡಿಯುತ್ತ ತೂಗಾಡುತ್ತಿತ್ತು.

ಬುಧವಾರ ಗಂಡ ಹೆಂಡಿರಿಬ್ಬರೂ ಗಾಡಿಯಲ್ಲಿ ತರಕಾರಿ ಹೇರಿಕೊಂಡು ಸಂತೆಗೆ ಹೋಗಿ, ಮುಸ್ಸಂಜೆಗೆ ಬಂದು, ತಣ್ಣಗಿದ್ದದ್ದನ್ನೇ ಉಂಡು ಮಲಗಿದರು. ಮಾರನೆಯ ಬೆಳಿಗ್ಗೆ ಬುರುಡೆಯಕ್ಕ ಒಲೆ ಹೊತ್ತಿಸಿ ತಲೆ ಎತ್ತಿದಾಗ ಗೋಡೆಯ ಮೇಲೆ ಒಂದು ಬಿಳಿಯ ಸೋರೆಕಾಯಿ ಕಂಡಿತು. ಕಾಯಿಯಲ್ಲ, ಕಾಯಿಯಿದ್ದ ಜಾಗ. ಸುತ್ತ ಗೋಡೆಯೆಲ್ಲ ಮಸಿ, ನಡುವೆ ಕತ್ತು, ಹೊಟ್ಟೆ ಎಲ್ಲ ಅಚ್ಚುಕಟ್ಟಾಗಿ ಬರೆದಂತೆ ಸುಣ್ಣದ ಬಿಳುಪು. ಮೊಳೆಯಲ್ಲಿ ದಾರದ ಕುಣಿಕೆ ಮಾತ್ರ ಇತ್ತು.

ನಾದಿನಿ ಹೊಸ್ತಿಲ ಬಳಿ ಕೋಸಿನ ಹೊರ ಎಲೆ ಬಿಡಿಸುತ್ತಿದ್ದಳು.

"ಇಲ್ಲಿದ್ದ ಕಾಯಿ ಎಲ್ಲೇ?"

"ಯಾವುದು, ಆ ಕಲೆ ಇದ್ದದ್ದಾ? ನಿನ್ನೆ ಮಾರಿದೆ. ಹೇಳೋಕೇ ಮರೆತೆ ನೋಡಿ ಅತ್ತಿಗೆ. ಪೇಟೆಯಿಂದ ತಂತಿ ಮೇಷ್ಟ್ರು ಅಂತ ಒಬ್ಬರು ಬಂದಿದ್ರು, ಗಡಿಯಾರದ ಅಂಗಡಿ ಮಹಡಿ ಮೇಲೆ ವಾದ್ಯ ಮಾಡೋರು. ಅಂಗಡೀಲಿದ್ದ ಬುರುಡೆನೆಲ್ಲ ತಟ್ಟಿ ತಟ್ಟಿ ಕಿವಿ ಇಟ್ಟು ಕೇಳಿದ್ರು, ಡಾಕ್ಟ್ರು ಎದೆ ನೋಡೋ ಹಾಗೆ. ಒಂದೂ ಒಪ್ಪಲಿಲ್ಲ. ಚಳೀಲಿ ನಡುಗ್ತಿದ್ದಾರಲ್ಲ ಅಂತ ಚಹಾಕ್ಕೆ ಒಳಗೆ ಕರೆದೆ. ಇದನ್ನ ತಟ್ಟಿದ್ದೇ ತಟ್ಟಿದ್ದು, ಮುಖ ಊರಗಲ ಆಯ್ತು. ಕಲೆ ಇದೆ, ಬೇರೆ ತಗೊಳ್ಳಿ ಅಂದೆ. ಕಲೆಗೇನು, ದನಿ ಚೆನ್ನಾಗಿದೆ ಅಂದ್ರು."

ಬುರುಡೆಯಕ್ಕ ಒಲೆಯ ಮುಂದೆಯೇ ಕೂತಳು. "ಅದು ಬೀಜದ ಕಾಯಿ."

"ಎಲ್ಲಾ ಕಾಯೀಲೂ ಬೀಜ ಇರುತ್ತಲ್ಲ ಅತ್ತಿಗೆ."

"ಅದರಲ್ಲಿರೋದು ಬೀಜ. ಮಿಕ್ಕಿದ್ದೆಲ್ಲ ಕಸ." ದಾರ, ಹೂವು, ಉಗುರು ಎಲ್ಲವನ್ನೂ ಅವಳು ಒಂದೇ ಉಸಿರಿಗೆ ಹೇಳಿದಳು. ಹನ್ನೆರಡು ವರ್ಷ ಹೇಳದೇ ಇದ್ದದ್ದನ್ನು ಹೇಳಲು ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. "ಮೇಷ್ಟ್ರು ಅದನ್ನ ಕೊಯ್ದು ಬೀಜ ಎಸೆದ್ರು ಅಂದ್ರೆ, ಬರೋ ಚಳಿಗಾಲಕ್ಕೆ ನಮಗೆ ಕೆಲಸಾನೇ ಇಲ್ಲ."

ನಾದಿನಿಯ ಕೈಯಲ್ಲಿದ್ದ ಕೋಸು ಉರುಳಿ ಅಂಗಳಕ್ಕೆ ಹೋಯಿತು. ಅದನ್ನು ಯಾರೂ ಎತ್ತಲಿಲ್ಲ.

ಬುರುಡೆಯಕ್ಕನ ಗಂಡ ಏನು ಹೇಳಿದರೂ "ಆಗ್ಲಿ" ಎನ್ನುವ ಮನುಷ್ಯ. ಬೀಜದ ಕಾಯಿ ಹೋಯಿತು ಎಂದಾಗಲೂ "ಆಗ್ಲಿ" ಎಂದ. ಅಂದ ಮೇಲೆ ಲೋಟ ಕೆಳಗಿಟ್ಟು, "ಎಂಟೂವರೆಗೆ ಬಸ್ಸಿದೆ" ಎಂದ. ಮದುವೆಯಾದಾಗಿನಿಂದ ಅವನು ಆಡಿದ ಉದ್ದನೆಯ ಮಾತುಗಳಲ್ಲಿ ಅದೂ ಒಂದು.

"ಮಾರಿದೋಳು ನಾನು, ನಾನೂ ಬರ್ತೀನಿ" ಎಂದು ನಾದಿನಿ ಶಾಲು ಹೊದ್ದಳು. ಬಸ್ಸಿನ ಗಾಜಿನ ಮೇಲೆ ಮಂಜು ಕೂತು ಹೊರಗೇನೂ ಕಾಣುತ್ತಿರಲಿಲ್ಲ. ಒಂದೂವರೆ ಗಂಟೆಯ ದಾರಿಯಲ್ಲಿ ನಾದಿನಿ ತುಟಿ ಬಿಚ್ಚಲಿಲ್ಲ. ಕಂಡಕ್ಟರ್ ಅವಳ ಗುರುತಿನವನು. ಈ ಅಕ್ಕನಿಗೆ ಹಲ್ಲುನೋವಾ ಎಂದು ಅವಳನ್ನು ತೋರಿಸಿ ಬುರುಡೆಯಕ್ಕನನ್ನು ಕೇಳಿದ.

ತಂತಿ ಮೇಷ್ಟ್ರ ಕೋಣೆ ಗಡಿಯಾರದ ಅಂಗಡಿಯ ಮಹಡಿ ಮೇಲಿತ್ತು. ಕೆಳಗಿನ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತಿಗೆ ಗಂಟೆ ಹೊಡೆಯುತ್ತಿದ್ದವು. ಮೇಲೆ ಗೋಡೆ ತುಂಬ ವಾದ್ಯಗಳ ಕತ್ತುಗಳು, ತಂತಿಯ ಸುರುಳಿಗಳು. ಕಿಟಕಿಯಾಚೆ ಎರಡು ಡಬ್ಬದಲ್ಲಿ ಎಂಥದೋ ಬಳ್ಳಿ. ಮೂಲೆಯ ಸಣ್ಣ ಒಲೆಯ ಮೇಲೆ ಅಂಟಿನ ಪಾತ್ರೆ. ಮೇಷ್ಟ್ರು ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕ ಇಟ್ಟುಕೊಂಡು ಕೂತಿದ್ದರು. ಅವರ ಮುಂದೆ ಕಾಯಿ ಎರಡು ಹೋಳಾಗಿ ಬಿದ್ದಿತ್ತು. ಒಳಗೆಲ್ಲ ಕೆರೆದು ನುಣ್ಣಗೆ ಮಾಡಿದ್ದರು.

"ಬನ್ನಿ ಬನ್ನಿ. ಚಹಾ ಕೊಟ್ಟ ತಾಯಿ ಅಲ್ವೇ ಇವರು?" ಎಂದರು ನಾದಿನಿಯನ್ನು ನೋಡಿ.

"ಮೇಷ್ಟ್ರೇ, ಇದರೊಳಗಿದ್ದ ಬೀಜ?" ಎಂದಳು ಬುರುಡೆಯಕ್ಕ. ಅವಳ ಕಣ್ಣು ಹೋಳಿನ ತೊಟ್ಟಿನ ಹತ್ತಿರದ ಕಲೆಯ ಮೇಲಿತ್ತು.

ಮೇಷ್ಟ್ರು ಒಲೆಯ ಪಕ್ಕದ ಗೋಣಿಚೀಲ ತೋರಿಸಿದರು. "ಮರದ ಹೊಟ್ಟು, ಸಿಪ್ಪೆ, ನಾರು ಎಲ್ಲ ಅದಕ್ಕೇ ತುಂಬ್ತೀನಿ. ಬೆಳಿಗ್ಗೆ ಅಂಟು ಕಾಯಿಸೋಕೆ ಅದೇ ಉರುವಲು." ಒಲೆಯತ್ತ ನೋಡಿ, "ಇವತ್ತಿನ ಪಾಲು ಹಾಕಿಯಾಯ್ತು, ಮಿಕ್ಕಿದ್ದು ಚೀಲದಲ್ಲೇ ಇದೆ" ಎಂದರು.

ಕಥೆ ಕೇಳಿದ ಮೇಲೆ ಅವರು ಎರಡೂ ಹೋಳುಗಳನ್ನು ಮುಂದೆ ತಳ್ಳಿದರು. "ವಾಪಸ್ ತಗೊಂಡು ಹೋಗಿ."

"ಬುರುಡೆ ನಿಮ್ಮದೇ. ದುಡ್ಡು ಕೊಟ್ಟಿದ್ದೀರಿ. ಒಂದು ಹಳೇ ಪೇಪರ್ ಕೊಡಿ."

ಅತ್ತಿಗೆ ನಾದಿನಿಯರು ನೆಲದ ಮೇಲೆ ಪೇಪರ್ ಹರಡಿ ಚೀಲ ಬಗ್ಗಿಸಿದರು. ಸಿಪ್ಪೆಯನ್ನು ಹಿಡಿ ಹಿಡಿಯಾಗಿ ಎಳೆದುಕೊಂಡು, ಬೆರಳಲ್ಲಿ ಬಿಡಿಸಿ, ಪಕ್ಕಕ್ಕೆ ಹಾಕುವುದು. ಮೊದಲ ಬೀಜ ನಾದಿನಿಗೆ ಸಿಕ್ಕಿತು. ಅದನ್ನು ಅತ್ತಿಗೆಯ ಮುಂದೆ ಇಟ್ಟಳು.

"ಆ ಕಲೆ ಗುರುತು ಅಂತ ನನಗ್ಯಾಕೆ ಹೇಳಲಿಲ್ಲ ಅತ್ತಿಗೆ?"

"ನಿಮ್ಮಮ್ಮ ಹೇಳಬೇಡ ಅಂದಿದ್ರು."

"ಅಮ್ಮ ಸರಿ. ನೀವು?"

ಬುರುಡೆಯಕ್ಕ ಉತ್ತರ ಹುಡುಕಿದಳು. ಸಿಪ್ಪೆಯಲ್ಲಿ ಬೀಜ ಹುಡುಕುವುದೇ ಸುಲಭವಾಗಿತ್ತು. "ಹೆಣ್ಣುಮಗಳು ಹೊರಗೆ ಹೋಗೋಳು ಅಂತ."

"ನಾನು ಬಂದು ಹನ್ನೆರಡು ವರ್ಷ ಆಯ್ತು."

"ಹೂಂ."

"ಆ ಮನೇಲಿ ಹುಟ್ಟಿದೋಳು ನಾನು. ಹೊರಗಿಂದ ಬಂದೋಳು ನೀವು."

"ಹೂಂ."

"ಹೂಂ ಅಂತೆ. ಅಣ್ಣನ ಜೊತೆ ಇದ್ದೂ ಇದ್ದೂ ನಿಮಗೂ ಅದೇ ಬಂತು."

ಮೇಷ್ಟ್ರು ಉಳಿ ಮಸೆಯುತ್ತಿದ್ದರು. ಕಿವಿಯನ್ನೇ ಬಂಡವಾಳ ಮಾಡಿಕೊಂಡ ಮನುಷ್ಯ ಏನೂ ಕೇಳಿಸದವರಂತೆ ಕೂತಿರುವುದು ನೋಡಲು ಚೆನ್ನಾಗಿತ್ತು.

ಕೆಳಗಿನ ಗಡಿಯಾರಗಳು ಮೂರು ಸಲ ಹನ್ನೆರಡು ಹೊಡೆದವು. ಚೀಲ ಖಾಲಿಯಾದಾಗ ಪೇಪರಿನ ಮೇಲೆ ಹದಿನಾಲ್ಕು ಬೀಜ ಇದ್ದವು. ಬೇರೆ ವರ್ಷ ಒಂದು ಕಾಯಿಗೆ ಇನ್ನೂರಕ್ಕೆ ಕಡಿಮೆ ಇರುತ್ತಿರಲಿಲ್ಲ. ಬುರುಡೆಯಕ್ಕ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮೂರು ಟೊಳ್ಳಾಗಿದ್ದು ಕುಸಿದವು. ಹನ್ನೊಂದನ್ನು ಶಾಲಿನ ತುದಿಗೆ ಗಂಟು ಹಾಕತೊಡಗಿದಳು.

"ಎರಡು ಇವರಿಗೆ ಕೊಡಿ" ಎಂದಳು ನಾದಿನಿ.

"ಏನು?"

"ಇವರ ಡಬ್ಬದಲ್ಲೂ ಬಳ್ಳಿ ಹಬ್ಬುತ್ತೆ. ಮಹಡಿ ಮೇಲೆ, ಹತ್ತಿರ ಯಾವ ಸೋರೆನೂ ಇಲ್ಲ. ನಮ್ಮದು ಹೋದ್ರೆ ಹೋಗಿ ಕೇಳೋಕೆ ಒಂದು ಬಾಗಿಲು ಇರ್ಲಿ."

ಗಂಟು ಹಾಕುತ್ತಿದ್ದ ಕೈ ನಿಂತಿತು. ಆ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೊಂಬತ್ತು ವರ್ಷದಲ್ಲಿ ಬುರುಡೆಯಕ್ಕ ಒಬ್ಬರಿಗೂ ಬೀಜ ಕೊಟ್ಟವಳಲ್ಲ. ತವರಿನ ಅಕ್ಕ ಬಾಯಿಬಿಟ್ಟು ಕೇಳಿದಾಗ ಇಲಿ ತಿಂದವು ಎಂದಿದ್ದಳು. ಗಂಟು ಬಿಡದ ಅವಳ ಕೈ ನೋಡಿ ಮೇಷ್ಟ್ರು, "ಬೇಡಿ ಬೇಡಿ, ನನ್ನ ಕೈಲಿ ಗಿಡ ಉಳಿಯಲ್ಲ" ಎಂದರು.

"ಮುಚ್ಚಟೆಯಿಂದ ನೋಡ್ಕೊಳ್ಳಿ, ಉಳಿಯುತ್ತೆ" ಎಂದು ಬುರುಡೆಯಕ್ಕ ಎರಡು ಬೀಜ ತೆಗೆದು ಅವರ ಮೇಜಿನ ಮೇಲೆ ಇಟ್ಟಳು. ಇಟ್ಟ ಮೇಲೆ ಒಂದನ್ನು ತಿರುಗಿ ತೆಗೆದುಕೊಂಡು ನೋಡಿ, ಮತ್ತೆ ಅಲ್ಲೇ ಇಟ್ಟಳು. ಮೇಷ್ಟ್ರು ಅವನ್ನು ಕಾಗದದಲ್ಲಿ ಮಡಿಸಿ ತಂತಿಯ ಡಬ್ಬಿಯಲ್ಲಿ ಹಾಕಿಕೊಂಡರು.

ಮನೆಗೆ ಬಂದ ಒಂಬತ್ತರಲ್ಲಿ ಆರು ಮೊಳೆತವು. ಒಂದನ್ನು ಬಸವನಹುಳು ತಿಂದಿತು. ಬೇಸಿಗೆಯ ಕೊನೆಗೆ ದಾರ ಕಟ್ಟಿದ ನಾಲ್ಕು ಹೂವುಗಳಲ್ಲಿ ಮೂರು ಕಾಯಿ ಕಚ್ಚಿದವು. ಅವು ಮುಷ್ಟಿಯಷ್ಟಾದ ದಿನ ಬುರುಡೆಯಕ್ಕ ಅಂಗಡಿಯ ಕಡೆ ಕೂಗಿದಳು. ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು.

"ಇಲ್ಲಿ ಒತ್ತು. ತೊಟ್ಟಿನ ಕೆಳಗೆ."

ನಾದಿನಿ ಒತ್ತಿದಳು.

"ಅಷ್ಟು ಆಳ ಬೇಡ, ಕೊಳೆಯುತ್ತೆ."

"ಹೇಳೋದನ್ನ ಮೊದಲೇ ಹೇಳಬೇಕು ಅತ್ತಿಗೆ. ನಿಮಗೆ ಅದೊಂದು ಅಭ್ಯಾಸ ಇಲ್ಲ."

ಕೊಳೆಯಲಿಲ್ಲ. ಆ ಚಳಿಗಾಲ ಒಲೆಯ ಮೇಲೆ ಮೂರು ಬೀಜದ ಕಾಯಿಗಳು ತೂಗಾಡಿದವು; ಎರಡರ ಕಲೆ ಅಚ್ಚುಕಟ್ಟು ಅರ್ಧಚಂದ್ರ, ಒಂದರದು ಮಾತ್ರ ಸೊಟ್ಟಗಾಗಿ, ಚಿವುಟಿದ ಹಾಗೆ. ಚಳಿಗೆ ಕೈ ಉಜ್ಜುತ್ತ ಚಹಾಕ್ಕೆ ಒಳಗೆ ಬಂದ ಗಿರಾಕಿಯೊಬ್ಬ ಆ ಸೊಟ್ಟ ಕಲೆಯ ಕಾಯಿಯನ್ನೇ ಬೊಟ್ಟು ಮಾಡಿ, ಇದು ಎಷ್ಟಕ್ಕೆ ಎಂದು ಕೇಳಿದ.

"ಅದು ಮಾರೋದಲ್ಲ" ಎಂದಳು ನಾದಿನಿ. "ಅದರ ಮೇಲೆ ನನ್ನ ರುಜು ಇದೆ. ನೀವು ಕೋಸು ನೋಡಿ, ಈಗ ತಾನೇ ಕಿತ್ತದ್ದು."

ಅವನು ಎರಡು ಕೋಸು ಹೊತ್ತುಕೊಂಡು ಹೋದ.